ಮನೆಯಂಗಳದ ಇಂಗ್ಲಿಷ್: ಬೆರಳಲ್ಲಿ ಉಂಗುರ, ಬೆರಳಲ್ಲಿ ಮುಳ್ಳು

ಪ್ರಿಯ ಸೋದರಿಯರೆ,

ಈ ಸಲ ಬಂದ ಕಾಗದಗಳಲ್ಲಿ ಜಗಳೂರಿನದೊಂದನ್ನು ಎರಡು ಬಾರಿ ಓದಿದೆ. ಬರೆದ ಸೋದರಿ ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಏಳನೆಯ ತರಗತಿ. ಒಂದು ಸಂಜೆ ಹೋಂವರ್ಕ್ ಬರೆಯುತ್ತ ಕುಳಿತವಳು, "ಅಮ್ಮಾ, ಗೋಡೇಲಿ ಕ್ಯಾಲೆಂಡರ್ ಐತೆ ಅನ್ನಾಕೆ ಇಂಗ್ಲಿಷಲ್ಲಿ ಏನು ಹಾಕ್ಲಿ?" ಎಂದು ಕೇಳಿದಳಂತೆ. ತಾಯಿ ರೊಟ್ಟಿ ತಟ್ಟುತ್ತಿದ್ದರು. ಕೈ ನಿಲ್ಲಿಸದೆ, "'ಅಲ್ಲಿ' ಅಂದ್ರೆ 'ಇನ್' ಕಣೆ, ಇನ್ ದ ವಾಲ್ ಅಂತ ಬರಿ" ಎಂದರು. ಮರುದಿನ ಪುಸ್ತಕ ಕೆಂಪು ಗೆರೆ ಹೊತ್ತು ಬಂತು. ಹುಡುಗಿ, "ನೀನು ಹೇಳಿದ್ದೇ ತಪ್ಪಾತು. ಇನ್ನ ನಿನ್ನ ಕೇಳಲ್ಲ ಬಿಡು" ಎಂದಳು. ಆ ಮೇಲೆ ತಾಯಿ ಬರೆದ ಮಾತು ಇದು: "ಅಕ್ಕಾ, ಅವತ್ತಿನಿಂದ ಅವಳು ಇಂಗ್ಲಿಷ್ ನೋಟ್‌ಬುಕ್ಕನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಚೀಲದ ತಳಕ್ಕೆ ಇಡುತ್ತಾಳೆ."

ಸೋದರಿ, ನೀವು ಹೇಳಿದ್ದು ತಪ್ಪು, ನಿಜ. ಆದರೆ ಅದು ದಡ್ಡತನದ ತಪ್ಪಲ್ಲ, ಕನ್ನಡ ಚೆನ್ನಾಗಿ ಬಲ್ಲವರು ಮಾಡುವ ತಪ್ಪು. ಹೇಗೆಂದು ಹೇಳುತ್ತೇನೆ.

ನಾವು ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ್ದು ನೆನಪಿದೆಯೆ? ಉ, ಅನ್ನು, ಇಂದ, ಗೆ... ಕೊನೆಗೆ ಸಪ್ತಮಿಗೆ 'ಅಲ್ಲಿ'. ಈ 'ಅಲ್ಲಿ' ಎಂಬುದು ಬೆರಳು ತೋರಿಸುವ ಮಾತು. ಮನೆ ಇದೆಯಲ್ಲ, ಅಲ್ಲಿ. ಗೋಡೆ ಇದೆಯಲ್ಲ, ಅಲ್ಲಿ. ಒಳಗೋ, ಮೇಲೋ, ಬಳಿಯೋ ಎಂಬುದನ್ನು ಅದು ಹೇಳುವುದೇ ಇಲ್ಲ. ಕೇಳುವವರ ಬುದ್ಧಿಗೆ ಬಿಟ್ಟುಬಿಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಪ್ತಮಿಗೆ 'ಒಳ್' ಎಂಬ ಪ್ರತ್ಯಯ ಹೇಳಿದ್ದಾನೆ. ಇವತ್ತಿನ ನಮ್ಮ 'ಒಳಗೆ' ಅದರ ನೆಂಟ. ಬರಬರುತ್ತ ದಿನದ ಮಾತಿನಲ್ಲಿ 'ಅಲ್ಲಿ' ಎಲ್ಲವನ್ನೂ ನುಂಗಿಕೊಂಡಿತು.

ಇಂಗ್ಲಿಷಿನವರಿಗೆ ಆ ಸಲಿಗೆ ಇಲ್ಲ. ಅವರ ಪ್ರಿಪೊಸಿಷನ್ ಹೆಸರಿನ ಮುಂದೆಯೇ ನಿಂತು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ನಮ್ಮ ಪ್ರತ್ಯಯ ಹೆಸರಿನ ಬಾಲಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ.

ಈಗ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಬೆರಳಲ್ಲಿ ಉಂಗುರ ಇದೆ. ಸೌದೆ ಎತ್ತುವಾಗ ಬೆರಳಲ್ಲಿ ಮುಳ್ಳು ಚುಚ್ಚಿಕೊಂಡಿದೆ. ಎರಡಕ್ಕೂ ನಾವು 'ಬೆರಳಲ್ಲಿ' ಎಂದೇ ಹೇಳುತ್ತೇವೆ. ಆದರೆ ಮುಳ್ಳು ಎಂದ ಕೂಡಲೇ ಸೂಜಿ ತರುತ್ತೀರಿ, ಉಂಗುರಕ್ಕೆ ತರುವುದಿಲ್ಲ. ಮುಳ್ಳು ಒಳಗಿದೆ, ಉಂಗುರ ಮೇಲಿದೆ ಎಂದು ನಿಮಗೆ ಗೊತ್ತೇ ಇದೆ. ಇಂಗ್ಲಿಷಿನಲ್ಲಿ ಉಂಗುರ 'ಆನ್ ದ ಫಿಂಗರ್', ಮುಳ್ಳು 'ಇನ್ ದ ಫಿಂಗರ್', ಅಷ್ಟೆ. ನಿಮಗೆ ಗೊತ್ತಿಲ್ಲದ ಹೊಸ ವಿದ್ಯೆ ಏನೂ ಇದರಲ್ಲಿ ಇಲ್ಲ. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು.

ಗೋಡೆಗೂ ಹಾಗೆಯೇ. ಕ್ಯಾಲೆಂಡರ್ ಗೋಡೆಗೆ ತಾಗಿಕೊಂಡು ಹೊರಗಿದೆ, ಅದಕ್ಕೆ 'ಆನ್ ದ ವಾಲ್'. ಹಳೇ ಮನೆಗಳಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಅದು ಗೋಡೆಯನ್ನು ಕೊರೆದು ಒಳಗೆ ಮಾಡಿದ್ದು, ಅದಕ್ಕೆ 'ಇನ್ ದ ವಾಲ್'. ಆ ಹುಡುಗಿ ಗೂಡಿನ ಬಗ್ಗೆ ಬರೆದಿದ್ದರೆ ತಾಯಿ ಹೇಳಿದ್ದೇ ಸರಿಯಾಗುತ್ತಿತ್ತು! ಹಾಲು ಪಾತ್ರೆಯಲ್ಲಿ, 'ಇನ್'. ಪಾತ್ರೆ ಒಲೆಯಲ್ಲಿ, ಅಂದರೆ ಒಲೆಯ ಮೇಲೆ, 'ಆನ್'. ಒಲೆಯ ಒಳಗೆ ಇರುವುದು ಕೆಂಡ.

ಮೂರನೆಯದು 'ಅಟ್'. ಇದು ಒಳಗೂ ಅಲ್ಲ, ಮೇಲೂ ಅಲ್ಲ. ಇಂಥ ಜಾಗ ಎಂದು ಒಂದು ಚುಕ್ಕೆ ಇಟ್ಟ ಹಾಗೆ. "ಬಾಗಿಲಲ್ಲಿ ಯಾರೋ ನಿಂತಿದಾರೆ ನೋಡು" ಎನ್ನುತ್ತೇವೆ. ಅವರು ಬಾಗಿಲ ಹಲಗೆಯೊಳಗೆ ಹುದುಗಿಲ್ಲ, ಅದರ ಮೇಲೆ ಹತ್ತಿ ಕೂತಿಲ್ಲ, ಬಾಗಿಲ ಬಳಿ ನಿಂತಿದ್ದಾರೆ. 'ಅಟ್ ದ ಡೋರ್'. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ ಎಂದರೂ 'ಅಟ್ ದ ಬಸ್ ಸ್ಟ್ಯಾಂಡ್'.

ಸೂಳೆಕೆರೆಗೆ ಹೋಗಿಬಂದದ್ದನ್ನು ಹೇಳುತ್ತೀರಿ ಎನ್ನಿ. ಬಸ್ಸು ಇಳಿದದ್ದು 'ಅಟ್ ಸೂಳೆಕೆರೆ', ಬುತ್ತಿ ಬಿಚ್ಚಿದ್ದು 'ಆನ್ ದ ಬಂಡ್', ಮಕ್ಕಳು ಕಾಲಾಡಿಸಿದ್ದು 'ಇನ್ ದ ವಾಟರ್'. ಮೂರಕ್ಕೂ ನಾವು ಏರಿಯಲ್ಲಿ, ನೀರಲ್ಲಿ, ಸೂಳೆಕೆರೆಯಲ್ಲಿ ಎಂದು ಒಂದೇ ರಾಗ ಹಾಡುತ್ತೇವೆ.

ಊರುಗಳ ವಿಷಯಕ್ಕೆ ಬಂದರೆ ನನಗೊಂದು ಹಳೇ ಸಿಟ್ಟಿದೆ. ನಾವು ಓದಿದ ಕಾಲದ ವ್ಯಾಕರಣ ಪುಸ್ತಕಗಳಲ್ಲಿ ದೊಡ್ಡ ಊರಿಗೆ 'ಇನ್', ಸಣ್ಣ ಊರಿಗೆ 'ಅಟ್' ಎಂದು ಬರೆದಿರುತ್ತಿತ್ತು. ಬೆಂಗಳೂರಿನವರು 'ಇನ್', ನಾವು ಚನ್ನಗಿರಿಯವರು 'ಅಟ್'! ಈಗ ಆ ಲೆಕ್ಕ ಇಟ್ಟುಕೊಳ್ಳಬೇಡಿ. ನೀವು ವಾಸ ಮಾಡುವ ಊರು ನಿಮ್ಮ ಸುತ್ತ ಇದೆ, ನೀವು ಅದರೊಳಗಿದ್ದೀರಿ. 'ಐ ಲಿವ್ ಇನ್ ಚನ್ನಗಿರಿ', 'ಐ ಲಿವ್ ಇನ್ ನ್ಯಾಮತಿ' ಎಂದು ಧೈರ್ಯವಾಗಿ ಹೇಳಿ. ಅದೇ ಊರು ದಾರಿಯ ಮೇಲಿನ ಒಂದು ನಿಲ್ದಾಣ ಮಾತ್ರವಾದಾಗ 'ಅಟ್' ಬರುತ್ತದೆ. ದಾವಣಗೆರೆಯಿಂದ ಚನ್ನಗಿರಿಗೆ ಬರುವ ಬಸ್ಸು ಸಂತೇಬೆನ್ನೂರಿನಲ್ಲಿ ನಿಂತರೆ, 'ದ ಬಸ್ ಸ್ಟಾಪ್ಸ್ ಅಟ್ ಸಂತೇಬೆನ್ನೂರು'. ಇಳಿದು ಪುಷ್ಕರಣಿ ನೋಡಲು ಹೊರಟರೆ ನೀವು 'ಇನ್ ಸಂತೇಬೆನ್ನೂರು'. ಹೊನ್ನಾಳಿಯವರಿಗೆ ಇನ್ನೊಂದು ಸೊಗಸು ಉಂಟು. ಹೊಳೆಯ ದಡದ ಊರನ್ನು ಇಂಗ್ಲಿಷಿನವರು ಹೊಳೆಯ ಮೇಲಿದೆ ಎನ್ನುತ್ತಾರೆ, 'ಹೊನ್ನಾಳಿ ಈಸ್ ಆನ್ ದ ತುಂಗಭದ್ರಾ'. ಊರು ತೇಲುತ್ತಿದೆ ಎಂದು ಹೆದರಬೇಡಿ. ಸೇತುವೆಗೆ ಮಾತ್ರ 'ಓವರ್', ಅದು ನೀರಿಗೆ ತಾಗದೆ ಮೇಲೆ ಹಾದುಹೋಗುತ್ತದೆ.

ಒಂದು ಎಚ್ಚರಿಕೆ. "ಯಜಮಾನರು ಆಸ್ಪತ್ರೆಯಲ್ಲಿದ್ದಾರೆ" ಎಂದು ದೂರದ ಮಗನಿಗೆ ಇಂಗ್ಲಿಷಿನಲ್ಲಿ ತಿಳಿಸುವಾಗ ಯೋಚಿಸಿ ಬರೆಯಿರಿ. 'ಇನ್ ಹಾಸ್ಪಿಟಲ್' ಎಂದರೆ ಹಾಸಿಗೆ ಹಿಡಿದು ದಾಖಲಾಗಿದ್ದಾರೆ ಎಂದಾಗುತ್ತದೆ. ಯಾರನ್ನೋ ನೋಡಲು ಹೋಗಿದ್ದರೆ 'ಅಟ್ ದ ಹಾಸ್ಪಿಟಲ್'. ಎರಡೇ ಅಕ್ಷರದ ಮಾತು, ಮಗ ರಾತ್ರಿಯೆಲ್ಲ ನಿದ್ದೆಗೆಟ್ಟು ಬಸ್ಸು ಹತ್ತಿ ಬಂದುಬಿಡಬಹುದು.

ಹತ್ತುವ ವಾಹನಕ್ಕೆ ನಾನು ಇಟ್ಟುಕೊಂಡ ಗುರುತು ಇದು: ಒಳಗೆ ಎದ್ದು ನಿಂತು ಓಡಾಡಬಹುದಾದರೆ 'ಆನ್', ಬಸ್ಸು, ರೈಲು. ಬಗ್ಗಿ ನುಸುಳಿ ಕೂರಬೇಕಾದರೆ 'ಇನ್', ಕಾರು, ಆಟೋ. ಸೈಕಲ್ಲು, ಸ್ಕೂಟರಿಗೆ ಹೇಗೂ ಮೇಲೆಯೇ ಕೂರುವುದು. 'ಇನ್ ದ ಬಸ್' ಎಂದರೂ ಯಾರೂ ನಿಮ್ಮನ್ನು ಕೆಳಗಿಳಿಸುವುದಿಲ್ಲ.

ಇನ್ನು ಹೊತ್ತಿನ ಮಾತು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ನನ್ನ ತವರು ಹೊನ್ನಾಳಿ, ಕೊಟ್ಟದ್ದು ಚನ್ನಗಿರಿಗೆ. ಮದುವೆಯಾದ ಮೊದಲ ಆಷಾಢ, ನಲವತ್ತು ವರ್ಷಕ್ಕೂ ಹಿಂದಿನ ಮಾತು. ಐದನೇ ತಾರೀಖು ಮೈದುನ ನನ್ನನ್ನು ತವರಿಗೆ ಬಿಟ್ಟುಬರುವುದೆಂದು ಗೊತ್ತಾಯಿತು. ಆಗ ಫೋನೆಲ್ಲಿ, ಟೆಲಿಗ್ರಾಂ ಕಾಲ. ಅದು 2013ರ ಜುಲೈನಲ್ಲಿ ನಿಂತೇಹೋಯಿತು, ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಒಂದೊಂದು ಪದಕ್ಕೂ ದುಡ್ಡು. ನಾನು ಹತ್ತನೆಯ ತರಗತಿ ಪಾಸಾದ ಸೊಸೆ, ಮನೆಯಲ್ಲಿ ಇಂಗ್ಲಿಷ್ ಬಲ್ಲವಳೆಂದು ಹೆಸರು. ಐದನೇ ತಾರೀಖಿಗೆ ಬರ್ತೀನಿ ಎನ್ನುವುದನ್ನು ಮನಸ್ಸಿನಲ್ಲೇ ತಿರುವಿ, 'ಗೆ' ಎಂದರೆ 'ಅಟ್' ಎಂದು ತೀರ್ಮಾನಿಸಿ, 'ಕಮಿಂಗ್ ಅಟ್ ಫೈವ್' ಎಂದು ಬರೆದುಕೊಟ್ಟೆ. ಮೂರೇ ಪದದಲ್ಲಿ ಮುಗಿಸಿದೆನೆಂದು ಹೆಮ್ಮೆ ಬೇರೆ.

ತಂತಿ ಎರಡನೇ ತಾರೀಖು ಮಧ್ಯಾಹ್ನ ಹೊನ್ನಾಳಿ ಮುಟ್ಟಿತು. ಅಪ್ಪನಿಗೆ ಇಂಗ್ಲಿಷ್ ಬಾರದು. ಪಕ್ಕದ ಮನೆ ಮೇಷ್ಟ್ರ ಹತ್ತಿರ ಓದಿಸಿದರು. ಮೇಷ್ಟ್ರು ಸರಿಯಾಗಿಯೇ ಓದಿದರು: "ಐದು ಗಂಟೆಗೆ ಬರ್ತಾಳೆ ಮಗಳು." ಅಪ್ಪ ಛತ್ರಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ನಾನು ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡು ಮೂರನೇ ತಾರೀಖು ಸಂಜೆ ಮತ್ತೆ ಹೋದರು, ನಾಲ್ಕಕ್ಕೂ ಹೋದರು. ಆಷಾಢದ ಮಳೆ ನಿಮಗೆ ಗೊತ್ತಲ್ಲ. ಮೂರು ಸಂಜೆಯೂ ಕತ್ತಲಾಗುವ ತನಕ ನಿಂತು, ಬರುವ ಬಸ್ಸುಗಳಿಂದ ಇಳಿಯುವವರ ಮುಖ ನೋಡಿ, ನೆನೆದುಕೊಂಡು ಮನೆಗೆ ಬಂದರಂತೆ.

ಐದನೇ ತಾರೀಖು ಬೆಳಗ್ಗೆ ಹನ್ನೊಂದಕ್ಕೆ ನಾನು ಇಳಿದಾಗ ಯಾರೂ ಇರಲಿಲ್ಲ. ಮೈದುನನ ಮುಂದೆ ನನಗೆ ಅವಮಾನ. ಟ್ರಂಕು ಹಿಡಿದು ನಡೆದು ಮನೆಗೆ ಹೋಗಿ, "ಬಸ್ ಸ್ಟ್ಯಾಂಡಿಗೆ ಬರೋಕೂ ಆಗಲಿಲ್ವಾ ಅಪ್ಪ?" ಎಂದೆ. ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, "ಐದಕ್ಕೆ ಅಂದಿದ್ಯಲ್ಲವ್ವ, ಸಂಜಿಗೆ ಬರಾಣಂತ ಇದ್ದೆ" ಎಂದರು, ಅಷ್ಟೆ. ಮೂರು ಸಂಜೆಯ ಕತೆ ಅವ್ವ ಹೇಳಿದ್ದು, ಮೈದುನ ಊಟ ಮುಗಿಸಿ ಹೊರಟ ಮೇಲೆ. ಅಪ್ಪ ಅದನ್ನು ಆಮೇಲೂ ಒಂದು ದಿನ ಎತ್ತಲಿಲ್ಲ.

ನನ್ನ ತಪ್ಪು ಎಲ್ಲಿತ್ತು ನೋಡಿ. ನಾವು ಐದು ಗಂಟೆಗೂ 'ಗೆ' ಹಚ್ಚುತ್ತೇವೆ, ಐದನೇ ತಾರೀಖಿಗೂ 'ಗೆ' ಹಚ್ಚುತ್ತೇವೆ. ಆದರೆ ಕನ್ನಡದಲ್ಲೇ ಇದಕ್ಕೊಂದು ಒರೆಗಲ್ಲು ಇದೆ, ನನಗೆ ಅದು ಹೊಳೆದದ್ದು ಎಷ್ಟೋ ವರ್ಷದ ಮೇಲೆ. 'ಅಂದು' ಎಂಬ ಪದವನ್ನು ಹಚ್ಚಿ ನೋಡಿ. ಸೋಮವಾರದಂದು, ಸರಿ. ಐದನೇ ತಾರೀಖಿನಂದು, ಸರಿ. ಹಬ್ಬದ ದಿನದಂದು, ಸರಿ. ಎಲ್ಲಿ 'ಅಂದು' ಕೂರುತ್ತದೋ ಅಲ್ಲಿ ಇಂಗ್ಲಿಷಿನ 'ಆನ್'. ಐದು ಗಂಟೆಯಂದು ಎಂದು ಯಾರಾದರೂ ಹೇಳುತ್ತಾರೆಯೆ? ಇಲ್ಲ. ಗಡಿಯಾರದ ಮುಳ್ಳು ತೋರಿಸುವ ಹೊತ್ತಿಗೆ 'ಗೆ' ಒಂದೇ, ಅಲ್ಲಿ 'ಅಟ್'. ಜೂನ್ ತಿಂಗಳಲ್ಲಿ, ಬೇಸಿಗೆಯಲ್ಲಿ, ಆ ವರ್ಷದಲ್ಲಿ ಎಂದು 'ಅಲ್ಲಿ' ಬರುವ ಉದ್ದನೆಯ ಕಾಲಕ್ಕೆ 'ಇನ್'. ಜಾಗದ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸಿದ 'ಅಲ್ಲಿ' ಕಾಲದ ವಿಷಯದಲ್ಲಿ ನಮ್ಮ ಕೈ ಹಿಡಿಯುತ್ತದೆ.

ನಮ್ಮ ಜಿಲ್ಲೆಯನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 'ಇನ್ 1997'. ತಿಂಗಳು ಹೇಳಿದರೂ 'ಇನ್ ಆಗಸ್ಟ್'. ತಾರೀಖು ಸೇರಿತೋ, 15ರಂದು ಎನ್ನಬಹುದು, ಆದ್ದರಿಂದ 'ಆನ್ 15 ಆಗಸ್ಟ್ 1997'. ಅದಕ್ಕೆ ಮೊದಲು ಜಗಳೂರು 'ಇನ್ ಚಿತ್ರದುರ್ಗ ಡಿಸ್ಟ್ರಿಕ್ಟ್', ಚನ್ನಗಿರಿ ಹೊನ್ನಾಳಿಗಳು 'ಇನ್ ಶಿವಮೊಗ್ಗ ಡಿಸ್ಟ್ರಿಕ್ಟ್'. ಹೊನ್ನಾಳಿ ತಾಲ್ಲೂಕಿನಲ್ಲಿದ್ದ ನ್ಯಾಮತಿ ತಾನೇ ತಾಲ್ಲೂಕಾದದ್ದು 'ಇನ್ 2018'. ಶಿವಾಜಿಯ ತಂದೆ ಷಹಾಜಿ ತೀರಿಕೊಂಡದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, ಸಮಾಧಿಯೂ ಅಲ್ಲೇ ಇದೆ. 'ಷಹಾಜಿ ಡೈಡ್ ಅಟ್ ಹೊದಿಗೆರೆ ಇನ್ 1664' ಎಂದು ಮಕ್ಕಳ ಕೈಲಿ ಬರೆಸಿ, ಇಂಗ್ಲಿಷೂ ಆಯಿತು, ಚರಿತ್ರೆಯೂ ಆಯಿತು.

ತೊಡಕಿನವು ಕೆಲವು ಉಂಟು. ಬೆಳಗ್ಗೆಯಲ್ಲಿ 'ಗೆ' ಕಂಡು 'ಅಟ್' ಹಾಕಬೇಡಿ, ಅದು 'ಇನ್ ದ ಮಾರ್ನಿಂಗ್'. ಸಂಜೆಯೂ 'ಇನ್'. ರಾತ್ರಿ ಮಾತ್ರ 'ಅಟ್ ನೈಟ್'. ಯಾಕೆ ಎಂದು ಕೇಳಬೇಡಿ, ಅತ್ತೆಮನೆಯ ಪದ್ಧತಿಯ ಹಾಗೆ ಒಪ್ಪಿಕೊಳ್ಳಬೇಕು. ಆದರೆ ವಾರದ ಹೆಸರು ಜೊತೆಗೆ ಬಂದರೆ ಅದೇ ಗೆಲ್ಲುತ್ತದೆ, ಸೋಮವಾರ ಬೆಳಗ್ಗೆ 'ಆನ್ ಮಂಡೇ ಮಾರ್ನಿಂಗ್'. ಮತ್ತೆ ನಾಳೆ, ನಿನ್ನೆ, ಮುಂದಿನ ಸೋಮವಾರ, ಕಳೆದ ವಾರ, ಇವಕ್ಕೆ ಯಾವುದೂ ಬೇಡ. 'ಆನ್ ನೆಕ್ಸ್ಟ್ ಮಂಡೇ' ಎಂದು ಎಷ್ಟೋ ಆಹ್ವಾನ ಪತ್ರಿಕೆಗಳಲ್ಲೇ ಅಚ್ಚಾಗಿರುತ್ತದೆ, ಆ 'ಆನ್' ದಂಡ. ಊರು ತಲುಪಿದೆ ಎನ್ನಲು 'ರೀಚ್ಡ್ ಅಟ್ ಹೊನ್ನಾಳಿ' ಎನ್ನುವುದೂ ಹಾಗೆಯೇ. 'ರೀಚ್ಡ್ ಹೊನ್ನಾಳಿ' ಸಾಕು.

ನ್ಯಾಮತಿಯಿಂದ ಬಟ್ಟೆ ಹೊಲಿಯುವ ಸೋದರಿಯೊಬ್ಬರು ಬರೆದಿದ್ದಾರೆ. ಗಿರಾಕಿಯೊಬ್ಬರಿಗೆ ಮೊಬೈಲಿನಲ್ಲಿ 'ಬ್ಲೌಸ್ ವಿಲ್ ಬಿ ರೆಡಿ ಟಿಲ್ ಫ್ರೈಡೇ' ಎಂದು ಕಳಿಸಿದರಂತೆ. ಆ ಗಿರಾಕಿ ಬುಧವಾರವೇ ಬಂದು, ಶುಕ್ರವಾರ ಕಳೆದರೆ ಸಿಗುವುದಿಲ್ಲವೇನೋ ಎಂದು ಹೆದರಿ ಬಂದೆ, ಇನ್ನೂ ಹೊಲಿದೇ ಇಲ್ಲವಲ್ಲ ಎಂದು ಕೂಗಾಡಿದರು. ಇಲ್ಲೂ ಕನ್ನಡವೇ ದಾರಿ ತೋರಿಸುತ್ತದೆ. 'ಶುಕ್ರವಾರದವರೆಗೆ' ಎಂದರೆ 'ಟಿಲ್', ಅಷ್ಟು ದಿನವೂ ಉದ್ದಕ್ಕೂ ಇರುತ್ತದೆ ಎಂದು. 'ಶುಕ್ರವಾರದೊಳಗೆ' ಎಂದರೆ 'ಬೈ', ಅದಕ್ಕಿಂತ ತಡವಾಗುವುದಿಲ್ಲ ಎಂದು. ಅಂಗಡಿ ಒಂಬತ್ತರವರೆಗೆ ತೆರೆದಿರುತ್ತದೆ, 'ಟಿಲ್ ನೈನ್'. ಮಗ ಒಂಬತ್ತರೊಳಗೆ ಮನೆ ಸೇರಬೇಕು, 'ಬೈ ನೈನ್'. ಸಾಲದ ಕಂತಿನ ಕಾಗದದಲ್ಲಿ 'ಬೈ' ಎಂದೋ 'ಆನ್ ಆರ್ ಬಿಫೋರ್' ಎಂದೋ ಇದ್ದರೆ ಆ ದಿನವೇ ಕಡೆಯ ದಿನ ಎಂದು ತಿಳಿದು ಮುಂಚೆಯೇ ಕಟ್ಟಿಬಿಡಿ. ಎರಡು ದಿನದೊಳಗೆ ಎನ್ನಲು 'ವಿದಿನ್ ಟೂ ಡೇಸ್' ಎನ್ನಿ. ಬರೀ 'ಇನ್ ಟೂ ಡೇಸ್' ಎಂದರೆ ಎರಡು ದಿನ ಕಳೆದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಬಟ್ಟೆ ಕೊಡುವವರಿಗೆ ಈ ಎರಡನೆಯದೇ ಅನುಕೂಲ ಅನ್ನಿ!

ಈಗ ಮತ್ತೆ ಜಗಳೂರಿನ ಸೋದರಿಗೆ. ಇಂಗ್ಲಿಷ್ ಬಾರದೆಂದು ನಿಮಗೆ ನಾಚಿಕೆಯಾಗಿದೆ. ಕಾರಿಗನೂರಿನ ಜೆ. ಎಚ್. ಪಟೇಲರು, ಮುಂದೆ ಮುಖ್ಯಮಂತ್ರಿಯಾಗಿದ್ದಾಗ ನಮ್ಮ ಜಿಲ್ಲೆ ಮಾಡಿದವರು, 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ವಕೀಲಿ ಓದಿದವರು, ಇಂಗ್ಲಿಷ್ ಬಾರದೆ ಹಾಗೆ ಮಾಡಿದ್ದಲ್ಲ. ನಮಗೆ ಅಂಥ ಸಭೆ ಇಲ್ಲ, ಇರುವುದು ಮಕ್ಕಳ ಹೋಂವರ್ಕ್. ನಮ್ಮ ಕಾಲಕ್ಕೆ ಐದನೇ ತರಗತಿಗೆ ಎ ಬಿ ಸಿ ಡಿ ಶುರುವಾಗುತ್ತಿತ್ತು. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಬಂತು. ಮಗಳು ಮುಂದೆ ಓಡುವುದು ಸಹಜ. ಅವಳ ಜೊತೆ ಓಡಬೇಕಿಲ್ಲ.

ನೀವು ಉತ್ತರ ಹೇಳುವುದನ್ನು ಬಿಡಿ, ಪ್ರಶ್ನೆ ಕೇಳಿ. ಕನ್ನಡದಲ್ಲೇ ಕೇಳಿ. "ಒಳಗೈತಾ? ತಾಗಿಕೊಂಡು ಮೇಲೈತಾ? ಬರೀ ಅದರ ಹತ್ರ ಐತಾ?" ಹೊತ್ತಿನ ಮಾತಾದರೆ, "'ಅಂದು' ಹಚ್ಚಿದ್ರೆ ಕೂರುತ್ತಾ ನೋಡು." ಇಂಗ್ಲಿಷ್ ಪದ ಅವಳೇ ಹಾಕುತ್ತಾಳೆ. ಈ ಪುಟವನ್ನು ಅವಳಿಗೆ ತೋರಿಸಬೇಡಿ. ರೊಟ್ಟಿ ತಟ್ಟುವಾಗ ಸುಮ್ಮನೆ ಕರೆದು, "ಬೆರಳಲ್ಲಿ ಉಂಗುರ, ಬೆರಳಲ್ಲಿ ಮುಳ್ಳು, ಇಂಗ್ಲಿಷಲ್ಲಿ ಹೆಂಗೆ ಹೇಳ್ತಿ?" ಎಂದು ಕೇಳಿ. ತಪ್ಪು ಹೇಳಿದರೆ ನಗಬೇಡಿ, ಸೂಜಿ ಯಾವುದಕ್ಕೆ ಬೇಕು ಎಂದು ಕೇಳಿ. ಏನೆಂದಳು ಎಂದು ನನಗೆ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ 'ಸಿನ್ಸ್' ಮತ್ತು 'ಫಾರ್' ನೋಡೋಣ. "ನಾನು ಹತ್ತು ವರ್ಷದಿಂದ ಇಲ್ಲಿದ್ದೇನೆ" ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಇಟ್ಟುಕೊಂಡಿರಿ.

ನಿಮ್ಮ,
ಅಕ್ಕ